ಡಬ್ಬಿಂಗ್ ಬೇಡದ ಒಂದು ನಿಮಿಷ

ನಲವತ್ತೈದು ದಾಟಿದ ಬೆಂಗಳೂರಿನವರನ್ನು ಯಾರನ್ನಾದರೂ ಹಿಡಿದು ‘ಸ್ಟ್ರೀಟ್ ಹಾಕ್ ನೋಡಿದ್ರಾ?’ ಅಂತ ಕೇಳಿ ನೋಡಿ. ಹೆಚ್ಚಿನವರು ಕಥೆ ಹೇಳುವುದಿಲ್ಲ. ಹೀರೊ ಹೆಸರೂ ನೆನಪಿರುವುದಿಲ್ಲ. ‘ಕಪ್ಪು ಬೈಕ್ ಇತ್ತಲ್ಲ’ ಅನ್ನುತ್ತಾರೆ, ಆಮೇಲೆ ಕೈ ಎರಡನ್ನೂ ಹ್ಯಾಂಡಲ್ ಹಿಡಿದ ಹಾಗೆ ಮಾಡಿಕೊಂಡು ಬಾಯಲ್ಲೇ ಮ್ಯೂಸಿಕ್ ಶುರು ಮಾಡುತ್ತಾರೆ. ಆ ಮ್ಯೂಸಿಕ್ ಮಾತ್ರ ತಪ್ಪದೆ, ಲಯ ಕೆಡದೆ ಬರುತ್ತದೆ.

ನಮ್ಮ ವಯಸ್ಸಿನವರು ಇದಕ್ಕೆ ‘ಅಂಕಲ್ ನಾಸ್ಟಾಲ್ಜಿಯಾ’ ಅಂತ ಹೆಸರಿಟ್ಟಿದ್ದೇವೆ. ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕಲ್ಲ? ಇಡೀ ಧಾರಾವಾಹಿ ಮರೆತುಹೋಗಿ, ಒಂದು ನಿಮಿಷದ ಟೈಟಲ್ ಮ್ಯೂಸಿಕ್ ಮಾತ್ರ ಮೂವತ್ತು ಮೂವತ್ತೈದು ವರ್ಷ ಹೇಗೆ ಉಳಿಯಿತು? ಚಿಕ್ಕಂದಿನಲ್ಲಿ ಕೇಳಿದ್ದು ಮರೆಯುವುದಿಲ್ಲ ಎನ್ನುವುದು ಸುಲಭದ ಉತ್ತರ. ಚಿಕ್ಕಂದಿನಲ್ಲಿ ಕಲಿತ ಮಗ್ಗಿ ಎಷ್ಟು ಜನಕ್ಕೆ ನೆನಪಿದೆ? ನನಗೆ ತೋಚುವ ಉತ್ತರ ಬೇರೆ. ಆ ಕಾರ್ಯಕ್ರಮದಲ್ಲಿ ಅವರಿಗೆ ಪೂರ್ತಿ ಅರ್ಥವಾಗಿದ್ದು ಆ ಮ್ಯೂಸಿಕ್ ಒಂದೇ.

ಮೊದಲು ಆ ಧಾರಾವಾಹಿಯ ಬಗ್ಗೆ ಎರಡು ಮಾತು. ‘ಸ್ಟ್ರೀಟ್ ಹಾಕ್’ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1985ರಲ್ಲಿ ಬಂದದ್ದು. ಬರೀ 13 ಕಂತು. ಅಲ್ಲಿ ಓಡಲಿಲ್ಲ, ನಿಲ್ಲಿಸಿಬಿಟ್ಟರು. ಜೆಸ್ಸಿ ಮ್ಯಾಕ್ ಎಂಬ ಪೊಲೀಸಿನವನು ರಾತ್ರಿ ಹೊತ್ತು ಗಂಟೆಗೆ 300 ಮೈಲಿ ಓಡುವ ಗುಪ್ತ ಬೈಕ್ ಹತ್ತಿ ಕಳ್ಳರನ್ನು ಹಿಡಿಯುತ್ತಾನೆ. ಆ ಬೈಕನ್ನು ಕಟ್ಟಿ, ಕಂಟ್ರೋಲ್ ರೂಮಿನಲ್ಲಿ ಕೂತು ದಾರಿ ತೋರಿಸುವವನು ನಾರ್ಮನ್ ಟಟಲ್ ಎಂಬ ಎಂಜಿನಿಯರ್. (ಹೊಡೆದಾಟ ಇರುವ ಧಾರಾವಾಹಿಯಲ್ಲಿ ಎಂಜಿನಿಯರ್‌ಗೂ ಒಂದು ಒಳ್ಳೆ ಪಾತ್ರ ಕೊಟ್ಟಿದ್ದಕ್ಕೆ ನಮ್ಮ ಬ್ರ್ಯಾಂಚಿನವರೆಲ್ಲ ಅವರಿಗೆ ಥ್ಯಾಂಕ್ಸ್ ಹೇಳಬೇಕು!) ಸಂಗೀತ ಮಾಡಿದ್ದು ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ಎಂಬ ತಂಡ. ಪೂರ್ತಿ ಸಿಂಥಸೈಜರ್. ಅಮೆರಿಕದಲ್ಲಿ ಸೋತ ಆ ಧಾರಾವಾಹಿ ದೂರದರ್ಶನಕ್ಕೆ ಬಂದು ಇಲ್ಲಿ ಹುಡುಗರ ತಲೆ ಕೆಡಿಸಿತು.

ನಮ್ಮ ಅಪ್ಪ ಅಂಥ ಹುಡುಗರಲ್ಲಿ ಒಬ್ಬರು. ಅವರು ಬೆಳೆದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ತಾತ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದರು. ಎಂಟು ಮನೆಗೆ ಒಂದೇ ಟಿ.ವಿ., ಅದೂ ಓನರ್ ಮನೆಯದು, ಬ್ಲ್ಯಾಕ್ ಅಂಡ್ ವೈಟ್. ಹುಡುಗರು ನೆಲದ ಮೇಲೆ, ಜಾಗ ಸಿಗದವರು ಕಿಟಕಿಯಲ್ಲಿ. ಒಂದು ಭಾನುವಾರ ಯೂಟ್ಯೂಬ್‌ನಲ್ಲಿ ಆ ಟೈಟಲ್ ಹಾಕಿ ಅಪ್ಪನ ಮುಂದೆ ಹಿಡಿದೆ.

‘ಇಂಗ್ಲಿಷ್ ಅರ್ಥ ಆಗ್ತಿತ್ತಾ ಅಪ್ಪಾ ನಿಮಗೆ?’

‘ಎಲ್ಲಿ ಆಗ್ತಿತ್ತೋ? ಒಂದು ಯೆಸ್ಸು, ಒಂದು ನೋ, ಒಂದು ಕಮಾನು. ಅಷ್ಟೇ.’

‘ಮತ್ತೆ ಕಥೆ?’

‘ಮ್ಯೂಸಿಕ್ಕೇ ಹೇಳ್ತಿತ್ತು ಕಣೋ. ಓನರ್ ಮಗ ಕಾನ್ವೆಂಟು, ನಾವೆಲ್ಲ ಸರ್ಕಾರಿ ಶಾಲೆ. ಡೈಲಾಗ್ ಬಂದಾಗ ಅವನು ನಗೋನು. ನಾವು ಅವನ ಮುಖ ನೋಡಿ ನಗೋರು. ಮ್ಯೂಸಿಕ್ ಬಂದಾಗ ಮಾತ್ರ ಎಲ್ಲರೂ ಒಟ್ಟಿಗೇ ಎದ್ದು ಕೂರ್ತಿದ್ವಿ.’

ಅವನ ಮುಖ ನೋಡಿ ನಗೋರು! ಆ ಮಾತು ನನ್ನನ್ನು ಬಿಡಲಿಲ್ಲ. ನಾವು ‘ನಾಸ್ಟಾಲ್ಜಿಯಾ’ ಎಂದು ನಗುವುದರ ಒಳಗೆ ಇಂಥದ್ದೊಂದು ಲೆಕ್ಕ ಇತ್ತು. ಒಂದೇ ಕೋಣೆಯಲ್ಲಿ ಕೂತಿದ್ದರೂ ಭಾಷೆ ಬಲ್ಲವನು ಒಳಗೆ, ಬಾರದವನು ಹೊರಗೆ. ಆ ಗೋಡೆ ಇಲ್ಲದ ಸಮಯ ವಾರಕ್ಕೆ ಒಂದೇ ನಿಮಿಷ. ಅದನ್ನು ಅಪ್ಪ ಇವತ್ತಿಗೂ ಮರೆತಿಲ್ಲ ಅಂದರೆ ಆಶ್ಚರ್ಯ ಏನಿದೆ?

ಆ ಕಾಲದಲ್ಲಿ ಇಂಥ ಸಾಹಸ ಧಾರಾವಾಹಿಗಳು ಕನ್ನಡದಲ್ಲಿ ಸಿಗುತ್ತಿರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಕನ್ನಡದ ಮೊದಲ ಸ್ಯಾಟಲೈಟ್ ಚಾನೆಲ್ ಉದಯ ಟಿ.ವಿ. ಬಂದದ್ದು 1994ರಲ್ಲಿ. ನಡುವಿನ ವರ್ಷಗಳಲ್ಲಿ ರಾಷ್ಟ್ರೀಯ ಪ್ರಸಾರದಲ್ಲಿ ಬಂದದ್ದು ಹಿಂದಿ, ಇಲ್ಲವೇ ಇಂಗ್ಲಿಷ್. ಬೇರೆ ಭಾಷೆಯದನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ನಮ್ಮ ಚಿತ್ರೋದ್ಯಮದ ವಿರೋಧ ಇತ್ತು. ಕಾನೂನು ಇರಲಿಲ್ಲ, ಆದರೂ ಅಘೋಷಿತ ತಡೆ ಗಟ್ಟಿಯಾಗಿತ್ತು. ನಮ್ಮ ಕಲಾವಿದರ, ತಂತ್ರಜ್ಞರ ಕೆಲಸ ಹೋಗುತ್ತದೆ ಎಂಬ ಅವರ ಆತಂಕಕ್ಕೆ ಅರ್ಥ ಇತ್ತು ಅಂತಲೇ ಒಪ್ಪೋಣ. ಆದರೆ ಅದರ ಬೆಲೆ ಕೊಟ್ಟವರಲ್ಲಿ ಆ ಕಿಟಕಿಯಲ್ಲಿ ನೇತಾಡುತ್ತಿದ್ದ ಹುಡುಗರೂ ಇದ್ದರು. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳುವಷ್ಟರಲ್ಲಿ 2015 ಆಗಿತ್ತು. ಆ ಹುಡುಗರಿಗೆ ಆಗಲೇ ನಮ್ಮಂಥ ಮಕ್ಕಳಿದ್ದರು.

ಸಾಹಸವಲ್ಲದಿದ್ದರೂ ಇನ್ನೊಂದು ಉದಾಹರಣೆ ಇಲ್ಲಿ ಹೇಳಲೇಬೇಕು. ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’. ನಿರ್ದೇಶಕ ನಮ್ಮವರು, ಬಹಳಷ್ಟು ಕಲಾವಿದರು ನಮ್ಮವರು, ಊರು ಆಗುಂಬೆ. ಆದರೆ ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷ್. ಆಗುಂಬೆಯಲ್ಲೇ ತೆಗೆದ ಧಾರಾವಾಹಿಯನ್ನು ಆಗುಂಬೆಯ ಅಜ್ಜಿ ಅರ್ಥ ಮಾಡಿಕೊಳ್ಳಲು ಮೊಮ್ಮಕ್ಕಳನ್ನು ಕೇಳಬೇಕಿತ್ತು. ಆದರೆ ಟೈಟಲ್‌ನ ಆ ಗುನುಗು? ಅದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳ ಮೇಲೆ ಆ ದನಿ ಕೇಳಿದರೆ ಸಾಕು, ಮನೆ ಮನೆಯಲ್ಲಿ ಸ್ವಾಮಿ ಬಂದ ಎಂದು ಗೊತ್ತಾಗುತ್ತಿತ್ತು. ಈಗಲೂ ಎಷ್ಟೋ ಫೋನ್‌ಗಳಲ್ಲಿ ಅದು ರಿಂಗ್‌ಟೋನ್. ನಮ್ಮ ಕಡೆ ನವೆಂಬರ್‌ನಲ್ಲಿ ರಸ್ತೆ ರಸ್ತೆಗೂ ರಾಜ್ಯೋತ್ಸವದ ಆರ್ಕೆಸ್ಟ್ರಾ ಇರುತ್ತದೆ. ಕೀಬೋರ್ಡಿನವರು ಸೌಂಡ್ ಚೆಕ್ ಮಾಡುವಾಗ ಆ ಗುನುಗು ನುಡಿಸಿದರೆ ಎಳನೀರು ಮಾರುವವರೂ ತಿರುಗಿ ನೋಡುತ್ತಾರೆ.

ಹಾಗಾದರೆ ಒಂದು ನಿಮಿಷದ ಮ್ಯೂಸಿಕ್‌ಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಸಿಗ್ನಲ್ಸ್ ಓದುವ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಎರಡು ವಿಷಯ ಕಾಣಿಸುತ್ತವೆ.

ಒಂದು, ಸ್ಪೀಕರ್. ಹಳೆಯ ಟಿ.ವಿ.ಗಳಲ್ಲಿ ಇದ್ದದ್ದು ಅಂಗೈಯಷ್ಟು ಸ್ಪೀಕರ್. ಅದರಲ್ಲಿ ಬೇಸ್ ಸರಿಯಾಗಿ ಬರುವುದಿಲ್ಲ. ಆದ್ದರಿಂದ ಈಗಿನ ಹಾಗೆ ಎದೆ ನಡುಗಿಸುವ ಸದ್ದು ಮಾಡಿ ಗೆಲ್ಲುವುದು ಆಗದ ಮಾತು. ಸಣ್ಣ ಸ್ಪೀಕರ್‌ನಲ್ಲೂ ಕಳೆದುಹೋಗದ ಒಂದು ರಾಗ ಬೇಕಿತ್ತು, ಬಾಯಲ್ಲಿ ಹಾಡಲು ಬರುವಂಥದ್ದು. ಇನ್ನು ಬೇಸ್ ವಿಷಯದಲ್ಲಿ ನಮ್ಮ ಕಿವಿಯೇ ಅರ್ಧ ಕೆಲಸ ಮಾಡುತ್ತದೆ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಮೇಡಂ 100, 200, 300, 400 ಹರ್ಟ್ಸ್ ಸೇರಿಸಿದ ಒಂದು ಧ್ವನಿಯನ್ನು ಲ್ಯಾಪ್‌ಟಾಪ್‌ನಿಂದ ಕೇಳಿಸಿದರು. ಆಮೇಲೆ 100 ಹರ್ಟ್ಸ್ ತೆಗೆದುಹಾಕಿ ಮತ್ತೆ ಕೇಳಿಸಿದರು. ಧ್ವನಿ ತೆಳುವಾಯಿತು, ಶ್ರುತಿ ಮಾತ್ರ ಬದಲಾಗಲಿಲ್ಲ. ಇಲ್ಲದ 100ನ್ನು ಮಿದುಳು ತಾನೇ ತುಂಬಿಕೊಂಡಿತ್ತು. ವಠಾರದ ಹುಡುಗರಿಗೂ ಆಗಿದ್ದು ಇದೇ. ಟಿ.ವಿ. ಕೊಡದಿದ್ದನ್ನು ಅವರೇ ತುಂಬಿಕೊಂಡರು.

ಎರಡು, ಲಯ. 1966ರಲ್ಲಿ ಶುರುವಾದ ‘ಮಿಷನ್ ಇಂಪಾಸಿಬಲ್’ ಮೊದಲು ಟಿ.ವಿ. ಧಾರಾವಾಹಿ, ಟಾಮ್ ಕ್ರೂಸ್ ಸಿನಿಮಾ ಬಂದದ್ದು 30 ವರ್ಷ ಆದ ಮೇಲೆ. ಸಂಗೀತ ಅರ್ಜೆಂಟೀನಾದಲ್ಲಿ ಹುಟ್ಟಿದ ಲಾಲೊ ಶಿಫ್ರಿನ್ ಅವರದು. ಕಳೆದ 2025ರ ಜೂನ್‌ನಲ್ಲಿ ಅವರು ತೀರಿಕೊಂಡರು. ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಸಾಮಾನ್ಯವಾಗಿ ನಾಲ್ಕರ ಎಣಿಕೆ ಇದ್ದರೆ ಇದರಲ್ಲಿ ಐದರ ಎಣಿಕೆ. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಮೃದಂಗ ಕಲಿಯುತ್ತಾನೆ. ಅವನಿಗೆ ಕೇಳಿಸಿದೆ. ಎರಡನೇ ಸಲಕ್ಕೇ ತೊಡೆ ತಟ್ಟಿಕೊಂಡು ‘ತಕಿಟ ತಕಿಟ ತಕ ತಕ’ ಅಂತ ಲೆಕ್ಕ ಒಪ್ಪಿಸಿದ. ಮೂರು, ಮೂರು, ಎರಡು, ಎರಡು. ಒಟ್ಟು ಹತ್ತು, ಅಂದರೆ ಐದರ ಎರಡು ಪಟ್ಟು. ಖಂಡ ಛಾಪು ಗೊತ್ತಿದ್ದವನಿಗೆ ಅದು ಅಮೆರಿಕದ್ದು ಅಂತ ಅನ್ನಿಸಲೇ ಇಲ್ಲ. ಉದ್ದ, ಉದ್ದ, ಗಿಡ್ಡ, ಗಿಡ್ಡ ಎಂಬ ಈ ಲಯ ಮೋರ್ಸ್ ಸಂಕೇತದಲ್ಲಿ ಎಂ ಮತ್ತು ಐ ಅಕ್ಷರಕ್ಕೆ ಸರಿಹೊಂದುತ್ತದೆ ಎನ್ನುವುದು ಇನ್ನೊಂದು ಖುಷಿ.

ಇಂಥ ಮ್ಯೂಸಿಕ್ ಎಲ್ಲೆಲ್ಲಿ ಹೊಕ್ಕಿದೆ ಎಂದು ಹುಡುಕುತ್ತಾ ಹೋದರೆ ನಗು ಬರುತ್ತದೆ. ಮಾತನಾಡುವ ಕಾರಿನ ಧಾರಾವಾಹಿ ‘ನೈಟ್ ರೈಡರ್’ 1982ರದು. ಅದರ ಟೈಟಲ್ ಸಂಗೀತ ಸ್ಟು ಫಿಲಿಪ್ಸ್ ಮತ್ತು ಗ್ಲೆನ್ ಲಾರ್ಸನ್ ಅವರದು. ಪಂಜಾಬಿ ಎಂ.ಸಿ. ತನ್ನ ಜನಪ್ರಿಯ ಭಾಂಗ್ರಾ ಹಾಡು ‘ಮುಂಡಿಯಾಂ ತೋ ಬಚ್ ಕೇ’ಗೆ ಅಡಿಪಾಯ ಮಾಡಿಕೊಂಡಿದ್ದು ಅದನ್ನೇ. ಗಣೇಶನ ಮೆರವಣಿಗೆ ಇರಲಿ, ಮದುವೆ ಛತ್ರದ ಡಿ.ಜೆ. ಇರಲಿ, ಕಾಲೇಜ್ ಫೆಸ್ಟ್ ಇರಲಿ, ಆ ಹಾಡು ಬಂದರೆ ಕುಣಿಯದವರಿಲ್ಲ. ಪಂಜಾಬಿ ಬಾರದ ನಾವು, ನೋಡದ ಇಂಗ್ಲಿಷ್ ಧಾರಾವಾಹಿಯ ಮ್ಯೂಸಿಕ್‌ಗೆ, ವಿಜಯನಗರದಲ್ಲಿ ಕುಣಿಯುತ್ತಿದ್ದೇವೆ. ಅಂಕಲ್‌ಗಳನ್ನು ನೋಡಿ ನಗುವ ಮೊದಲು ಇದನ್ನು ಸ್ವಲ್ಪ ಯೋಚಿಸಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ‘ಆ ಕಾಲವೇ ಚೆನ್ನಾಗಿತ್ತು’ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿರಲಿಲ್ಲ. ಒಂದೇ ಚಾನೆಲ್ ಇದ್ದಾಗ ಹಾಕಿದ್ದನ್ನು ನೋಡಬೇಕು. ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು, ಅವರು ಟಿ.ವಿ. ಆಫ್ ಮಾಡಿದರೆ ಸುಮ್ಮನೆ ಎದ್ದು ಬರಬೇಕು. ಅದನ್ನು ನೆನೆದು ಕಣ್ಣೀರು ಹಾಕುವಂಥದ್ದೇನೂ ಇಲ್ಲ. ನಮ್ಮ ಕಾಲದ ಲಾಭ ನನಗೆ ಚೆನ್ನಾಗಿ ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ‘ಮಹಾಭಾರತ’ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ ನಮ್ಮ ಅಜ್ಜಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು. ಹಿಂದಿಯಲ್ಲಿ ಬಂದಾಗ ದೇವರೆಂದು ಕೈ ಮುಗಿದಿದ್ದ ಅಜ್ಜಿ, ಕನ್ನಡದಲ್ಲಿ ಬಂದಾಗ ಶಕುನಿಗೆ ಬೈಯಲು ಶುರು ಮಾಡಿದರು. ಅರ್ಥವಾಗುವುದು ಅಂದರೆ ಇದು. ಕನ್ನಡದಲ್ಲಿ ಎಲ್ಲವೂ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಮಾತು ನಮ್ಮ ಭಾಷೆಗೆ ಬರುತ್ತಿರುವ ಹೊತ್ತಿನಲ್ಲೇ ಯಾವ ಭಾಷೆಯೂ ಬೇಡದ ಆ ಒಂದು ನಿಮಿಷವನ್ನು ನಾವು ಕತ್ತರಿಸುತ್ತಿದ್ದೇವೆ. ನೆಟ್‌ಫ್ಲಿಕ್ಸ್ ‘ಸ್ಕಿಪ್ ಇಂಟ್ರೊ’ ಬಟನ್ ತಂದದ್ದು 2017ರಲ್ಲಿ. ದಿನಕ್ಕೆ 13.6 ಕೋಟಿ ಸಲ ಜನ ಅದನ್ನು ಒತ್ತುತ್ತಾರೆ ಎಂದು 2022ರಲ್ಲಿ ಕಂಪನಿಯೇ ಹೇಳಿಕೊಂಡಿತು. ಒಂದೇ ರಾತ್ರಿಯಲ್ಲಿ ಎಂಟು ಕಂತು ನೋಡುವವನು ಎಂಟು ಸಲ ಟೈಟಲ್ ಕೇಳಲಿ ಎಂದರೆ ಅದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಹೇಗೂ ಯಾರೂ ಕೇಳುವುದಿಲ್ಲ ಎಂದು ಮಾಡುವವರೂ ಕೈಬಿಟ್ಟರೆ? ಹೆಸರು ಬಂತು, ಒಂದು ‘ಢಂ’ ಅಂತ ಸದ್ದು ಬಂತು, ಕಥೆ ಶುರು. ಹಾಡಿಕೊಳ್ಳಲು ಏನು ಉಳಿಯಿತು? ನಮ್ಮ ಕಾಲದ ಬಿಜಿಎಂಗಳು ಕಡಿಮೆಯವಲ್ಲ. ‘ಕೆಜಿಎಫ್’ಗೆ ರವಿ ಬಸ್ರೂರು ಮಾಡಿದ ಸಂಗೀತ ದೇಶವೆಲ್ಲ ಓಡಾಡಿತು. ಆದರೆ ಅದು ಹೀರೊ ಬರುವಾಗ ಬಾರಿಸುವ ಸಂಗೀತ. ನೋಡುವವನನ್ನು ‘ಬಾ, ಕೂತುಕೋ’ ಎಂದು ಕರೆಯುವ ಸಂಗೀತವೇ ಬೇರೆ.

ಇದು ಬರೀ ಟಿ.ವಿ. ವಿಷಯ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. ಈಗ ದಿನಾ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆಯ ಕಾಲೇಜಿಗೆ ಹೋಗುತ್ತೇನೆ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಾಠ ಓಡುವ ವೇಗಕ್ಕೆ ನಾವು ನಾಲ್ಕೈದು ಜನ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆವು. ಮುಂದಿನವರು ನಕ್ಕಾಗ ನಾವೂ ನಗುತ್ತಿದ್ದೆವು. ಅಪ್ಪ ಹೇಳಿದ ಆ ಮಾತು ನನಗೆ ಯಾಕೆ ತಟ್ಟಿತು ಎಂದು ಈಗ ನಿಮಗೂ ಗೊತ್ತಾಗಿರಬೇಕು. ವಠಾರದ ಟಿ.ವಿ. ಹೋಯಿತು, ಕ್ಲಾಸ್‌ರೂಮ್ ಬಂತು. ಮುಖ ನೋಡಿ ನಗುವುದು ಹಾಗೇ ಮುಂದುವರಿದಿದೆ. ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್‌ನಲ್ಲಿ ಕೂತ ಎಷ್ಟು ಜನಕ್ಕೆ ವಿಷಯ ಗೊತ್ತಿದ್ದೂ ಬಾಯಿ ಬರುವುದಿಲ್ಲ ಎನ್ನುವುದು ಈ ಪುಟ ಓದುವ ನಿಮಗೆ ಹೊಸದಲ್ಲ.

ಆದರೆ ಮೇಡಂ ಲ್ಯಾಪ್‌ಟಾಪ್‌ನಿಂದ ಆ ಧ್ವನಿ ಕೇಳಿಸಿದ ದಿನ ಮೊದಲು ಉತ್ತರ ಹೇಳಿದ್ದು ನಮ್ಮ ಹಿಂದಿನ ಬೆಂಚು. ಕಾರಣ ಸರಳ. ಪ್ರಶ್ನೆ ಕಿವಿಗೆ ಇತ್ತು, ಇಂಗ್ಲಿಷಿಗೆ ಇರಲಿಲ್ಲ. ಆಮೇಲೆ ಅದರ ಇಂಗ್ಲಿಷ್ ಹೆಸರು, ಸಮೀಕರಣ ಎಲ್ಲ ಬಂದವು. ಬಂದಾಗ ಕಷ್ಟವಾಗಲಿಲ್ಲ. ಮೊದಲು ಒಳಗೆ ಬಂದು ಕೂತಾಗಿತ್ತಲ್ಲ! ಒಳ್ಳೆಯ ಟೈಟಲ್ ಮ್ಯೂಸಿಕ್ ಮಾಡುವುದೂ ಅದನ್ನೇ. ಮೆಟ್ರೊ ಬಾಗಿಲು ಮುಚ್ಚುವಾಗಿನ ಬೀಪ್, ಬಿಎಂಟಿಸಿ ಕಂಡಕ್ಟರ್ ಊದುವ ವಿಷಲ್, ಕುಕ್ಕರ್ ಕೂಗು, ಇವುಗಳನ್ನು ಯಾರೂ ಯಾರಿಗೂ ಅನುವಾದ ಮಾಡಿ ಹೇಳಬೇಕಿಲ್ಲ. ನಾಳೆ ನಾವು ಆ್ಯಪ್ ಮಾಡುತ್ತೇವೆ, ಮೆಷಿನ್ ಮಾಡುತ್ತೇವೆ, ಕೆಲವರು ಪಾಠ ಮಾಡುತ್ತೇವೆ. ಇಂಗ್ಲಿಷ್ ಬಾರದವನೂ ಒಳಗೆ ಬರುವುದಕ್ಕೆ ಒಂದು ದಾರಿ ಇದೆಯೇ ಎಂದು ಮೊದಲು ನೋಡುವುದನ್ನು ಆ ಹಳೆಯ ಧಾರಾವಾಹಿಗಳಿಂದ ಕಲಿಯಬಹುದು.

ಕೊನೆಯಲ್ಲಿ ಮೂರು ಮಾತು. ಗೆಳೆಯರಿಗೆ: ಹೊಸ ಸರಣಿ ಶುರು ಮಾಡಿದಾಗ ಮೊದಲ ಕಂತಿನ ಟೈಟಲ್ ಅನ್ನು ಪೂರ್ತಿ ಕೇಳಿ. ಆಮೇಲಿನ ಏಳು ಕಂತು ಬೇಕಾದರೆ ಸ್ಕಿಪ್ ಮಾಡಿ, ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ವೆಬ್ ಸರಣಿ ಮಾಡುವವರಿಗೆ: ಟೈಟಲ್ ಸಂಗೀತ ನಮಗೆ ಹೊರಗಿನಿಂದ ಬಂದದ್ದಲ್ಲ. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವತ್ಥ್ ಸಂಗೀತ ಕೊಟ್ಟ ಶೀರ್ಷಿಕೆ ಗೀತೆಯನ್ನು ನಮ್ಮ ಅಮ್ಮ ಅಡುಗೆ ಮಾಡುತ್ತಾ ಈಗಲೂ ಹಾಡುತ್ತಾರೆ. ಮನೆಮಂದಿಯ ಕಥೆಗೆ ಅಂಥದ್ದು ಸಾಧ್ಯವಾಗಿತ್ತು. ಪತ್ತೇದಾರಿಗೆ, ಸಾಹಸಕ್ಕೆ ಅಂಥದ್ದೊಂದು ಇನ್ನೂ ಬಾಕಿ ಇದೆ. ನಾವು ಬಾಯಲ್ಲಿ ಬಾರಿಸಬಹುದಾದ ಒಂದನ್ನು ಮಾಡಿಕೊಡಿ. ಬಜೆಟ್ ಕಡಿಮೆ ಅನ್ನಬೇಡಿ, ಮಾಲ್ಗುಡಿಯನ್ನು ಊರೆಲ್ಲ ನೆನಪಿಟ್ಟುಕೊಂಡಿರುವುದು ಒಂದು ಗುನುಗಿನಿಂದ.

ರೀಲ್ಸ್‌ಗೆ ಆ ಗುನುಗು ಹಾಕುವವರಿಗೆ ಮೂರನೆಯ ಮಾತು. ಅದನ್ನು ಮಾಡಿದವರು ಎಲ್. ವೈದ್ಯನಾಥನ್. ಪಿಟೀಲಿನ ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ಕಾಶಿನಾಥ್ ಅವರ ‘ಅಪರಿಚಿತ’ಕ್ಕೂ, ಶಂಕರ್‌ನಾಗ್ ನಿರ್ದೇಶನದಲ್ಲಿ ಡಾ. ರಾಜ್‌ಕುಮಾರ್ ನಟಿಸಿದ ‘ಒಂದು ಮುತ್ತಿನ ಕಥೆ’ಗೂ ಸಂಗೀತ ಕೊಟ್ಟವರು. 2007ರಲ್ಲಿ ತೀರಿಕೊಂಡರು. ಆ ಸಂಗೀತ ಗೊತ್ತಿಲ್ಲದವರು ಕಡಿಮೆ, ಅವರ ಹೆಸರು ಗೊತ್ತಿರುವವರು ಇನ್ನೂ ಕಡಿಮೆ. ಕ್ಯಾಪ್ಷನ್‌ನಲ್ಲಿ ಅಷ್ಟೊಂದು ಹ್ಯಾಷ್‌ಟ್ಯಾಗ್ ಹಾಕುತ್ತೀರಿ, ಪಕ್ಕದಲ್ಲಿ ಆ ಒಂದು ಹೆಸರನ್ನೂ ಬರೆಯಿರಿ.